ಸಿನಿಮಾ ಮುಗಿಯಿತು, ಗಣಿಯ ಲೆಕ್ಕ ಮುಗಿದಿಲ್ಲ!



ಗಣಿ ಲೂಟಿಯ ಬಗ್ಗೆ ಕನ್ನಡದಲ್ಲಿ ಬಂದ ಸಿನಿಮಾ ಯಾವುದು ಅಂತ ಯಾರನ್ನೇ ಕೇಳಿ, ಮೊದಲು ಬರೋ ಹೆಸರು 2010ರ 'ಪೃಥ್ವಿ'. ಜೇಕಬ್ ವರ್ಗೀಸ್ ನಿರ್ದೇಶನ, ಬಳ್ಳಾರಿಯ ಜಿಲ್ಲಾಧಿಕಾರಿಯಾಗಿ ನಮ್ಮ ಪುನೀತ್ ರಾಜ್‌ಕುಮಾರ್. ಗಣಿ ಧಣಿಗಳು ರಾಜ್ಯದ ಮಂತ್ರಿಮಂಡಲದಲ್ಲೇ ಕೂತಿದ್ದ ವರ್ಷ ಅದು. ಅಂಥ ಹೊತ್ತಿನಲ್ಲಿ ಬಳ್ಳಾರಿಯ ಹೆಸರು ಹೇಳಿಯೇ ಸಿನಿಮಾ ಮಾಡಿದ್ದು ಸಣ್ಣ ಧೈರ್ಯವಲ್ಲ. ಅದಕ್ಕೆ ಶಹಬ್ಬಾಸ್ ಹೇಳಲೇಬೇಕು.

ಆದರೆ ನನ್ನದೊಂದು ತಕರಾರಿದೆ. ಇಂಥ ಸಿನಿಮಾಗಳು ನಮಗೆ ಒಬ್ಬ ನಾಯಕನನ್ನು ಕೊಟ್ಟುಬಿಡುತ್ತವೆ. ಆತ ಹೊಡೆದಾಡುತ್ತಾನೆ, ನಾವು ಶಿಳ್ಳೆ ಹೊಡೆದು ಮನೆಗೆ ಬರುತ್ತೇವೆ. ನಿಜವಾದ ಬಳ್ಳಾರಿಯ ಕತೆ ಹಾಗಿರಲೇ ಇಲ್ಲ. ಅಲ್ಲಿ ಸಂಚು ನಡೆದದ್ದು ಕಾಗದದ ಮೇಲೆ, ಸಿಕ್ಕಿಬಿದ್ದದ್ದೂ ಕಾಗದದಿಂದಲೇ.

ಸ್ವಲ್ಪ ಲೆಕ್ಕ ನೋಡಿ. ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿದ್ದಾಗ ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಹೆಚ್ಚೆಂದರೆ ಟನ್ನಿಗೆ 27 ರೂಪಾಯಿ! 2009ರ ಆಗಸ್ಟ್‌ನಲ್ಲಷ್ಟೇ ಅದನ್ನು ಬೆಲೆಯ ಶೇ. 10ಕ್ಕೆ ಏರಿಸಿದರು. ಆ 27 ರೂಪಾಯಿಯನ್ನೂ ಕೊಡದೆ, ಪರ್ಮಿಟ್ ಇಲ್ಲದೆ, ಲಾರಿಗೆ ಮಿತಿಮೀರಿ ತುಂಬಿ ಸಾಗಿಸಿದರು. 2006ರಿಂದ 2010ರೊಳಗೆ ಹೀಗೆ ಅಕ್ರಮವಾಗಿ ರಫ್ತಾದ ಅದಿರು 2.98 ಕೋಟಿ ಟನ್, ಖಜಾನೆಗೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಹೇಳಿತು. ಅದರ ಬೆನ್ನಿಗೇ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು.

ಈ ಲೆಕ್ಕ ಹೊರಗೆ ತಂದವರು ಯಾರು? ಪರ್ಮಿಟ್ಟು, ಲಾರಿ, ಬಂದರಿನ ಪುಸ್ತಕ ಎಲ್ಲವನ್ನೂ ತಾಳೆ ಹಾಕಿದ ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತವರ ತಂಡ. ಬೇಲೇಕೇರಿ ಬಂದರಿನಲ್ಲಿ ಅದಿರು ಜಪ್ತಿ ಮಾಡಿ ಅದಕ್ಕಾಗಿ ಅಮಾನತಿನ ಬರೆ ತಿಂದ ಆರ್. ಗೋಕುಲ್. ಜಪ್ತಿಯಾದ ಅದಿರೇ ಲಕ್ಷಗಟ್ಟಲೆ ಟನ್ ಮಾಯವಾಯಿತಲ್ಲ, ಅದಕ್ಕಿಂತ ದೊಡ್ಡ ಥ್ರಿಲ್ಲರ್ ಬೇಕೇ? ಇನ್ನು ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು. ಇವರಲ್ಲಿ ಒಬ್ಬರೂ ಡಿಶುಂ ಡಿಶುಂ ಮಾಡಲಿಲ್ಲ.

ಗಡಿಯ ವಿಷಯವನ್ನಂತೂ ಕನ್ನಡಿಗರು ಮರೆಯಲೇಬಾರದು. ಕರ್ನಾಟಕ-ಆಂಧ್ರ ಗಡಿಯ ಗುರುತುಗಳನ್ನೇ ಅಳಿಸಿ ನಮ್ಮ ಕಾಡಿನೊಳಗೆ ಅಗೆದರು ಅನ್ನೋದು ಓಬಳಾಪುರಂ ಗಣಿ ಕಂಪನಿಯ ಮೇಲಿದ್ದ ಆರೋಪ. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಗಣಿಯ ಸ್ಫೋಟಕ್ಕೆ ನೆಲಸಮವಾಯಿತು. ಬೆಳಗಾವಿ, ಕಾಸರಗೋಡು ಅಂದರೆ ಎದ್ದು ನಿಲ್ಲುವ ನಾವು, ಇಲ್ಲಿ ಅಂಗುಲ ಅಂಗುಲವಾಗಿ ನಾಡಿನ ಮಣ್ಣು ಲಾರಿ ಹತ್ತಿದಾಗ ಎಷ್ಟು ಜನ ಎದ್ದು ನಿಂತೆವು? ಆ ಕಂಪನಿಯ ಪ್ರಕರಣದಲ್ಲಿ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ ತಿಂಗಳಲ್ಲಿ. ಜೂನ್‌ನಲ್ಲೇ ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ತಡೆಹಿಡಿಯಿತು. ಸಿನಿಮಾದ ಕ್ಲೈಮ್ಯಾಕ್ಸ್‌ಗೆ ಹತ್ತು ನಿಮಿಷ ಸಾಕು, ಕೋರ್ಟಿಗೆ ಹದಿನೈದು ವರ್ಷವೂ ಸಾಲದು.

ಈಗ ಮುಖ್ಯ ಮಾತಿಗೆ ಬರ್ತೀನಿ. ಈ ಕತೆಯ ಎರಡನೇ ಭಾಗ ಈಗ ನಡೀತಾ ಇದೆ. ಗಣಿಯಿಂದ ಹಾಳಾದ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಸೀಮೆಯ ಪುನಶ್ಚೇತನಕ್ಕೆ ಅಂತ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿತು. ನೋಡಿಕೊಳ್ಳೋದು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. ಕುಡಿಯುವ ನೀರು, ಶಾಲೆ, ಆಸ್ಪತ್ರೆ, ಕಾಡು ಎಲ್ಲಕ್ಕೂ ಇದೇ ಹಣ. ಲೂಟಿಯಾದಾಗ ಕೂಗಿದ ನಾವು, ಹಣ ವಾಪಸ್ಸು ಬಂದಾಗ ಸುಮ್ಮನಿದ್ದರೆ ಹೇಗೆ?

ನಾನಿರುವ ಮಾಲ್ಮೋದಲ್ಲೂ ಒಂದು ದೊಡ್ಡ ಗಣಿ ಗುಂಡಿ ಇದೆ, ಲಿಮ್‌ಹಮ್ನ್‌ನ ಸುಣ್ಣಕಲ್ಲು ಗಣಿ. 1866ರಿಂದ 1994ರವರೆಗೆ ಅಗೆದು ಅಗೆದು 60 ಮೀಟರಿಗೂ ಆಳವಾದ ಗುಂಡಿ ಅದು. 2011ರಲ್ಲಿ, ಅಂದರೆ ನಮ್ಮಲ್ಲಿ ಲೋಕಾಯುಕ್ತ ವರದಿ ಬಂದ ವರ್ಷವೇ, ಇಲ್ಲಿ ಅದನ್ನು ಪ್ರಕೃತಿ ಮೀಸಲು ಅಂತ ಘೋಷಿಸಿದರು. ಇವತ್ತು ಅದರೊಳಗೆ ಅಪರೂಪದ ಹಸಿರು ಕಪ್ಪೆಗಳು ಬದುಕುತ್ತಿವೆ. ಹಾಗಂತ ಸ್ವೀಡನ್ನಿನವರು ದೇವತೆಗಳು ಅಂತ ನಾನು ಹೇಳ್ತಾ ಇಲ್ಲ. ಇಲ್ಲಿನ ಬೋಲಿಡೆನ್ ಕಂಪನಿ 1980ರ ದಶಕದಲ್ಲಿ ಚಿಲಿಯ ಅರಿಕಾ ಊರಿಗೆ ಸುಮಾರು 20 ಸಾವಿರ ಟನ್ ವಿಷದ ತ್ಯಾಜ್ಯ ಸಾಗಿಸಿತ್ತು. ದುರಾಸೆಗೆ ದೇಶವಿಲ್ಲ. ಆದರೆ ಸರ್ಕಾರಿ ಕಡತ ನೋಡುವ ಹಕ್ಕು ಇಲ್ಲಿನ ಜನಕ್ಕೆ 1766ರಿಂದಲೇ ಇದೆ, ಅವರು ಅದನ್ನು ಬಳಸ್ತಾರೆ. ನಮಗೆ ಅದು 2005ರಲ್ಲಿ ಬಂತು. ನಾವು ಬಳಸಬೇಕಷ್ಟೇ.

ಹಾಗಾಗಿ ನನ್ನ ಬೇಡಿಕೆ ಒಂದೇ: ಪುನಶ್ಚೇತನದ ಪ್ರತಿ ಕಾಮಗಾರಿಯ ಲೆಕ್ಕ ಹಳ್ಳಿವಾರು, ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ಧೂಳು ಕುಡಿದವರಿಗೆ ಅರ್ಥವಾಗದ ಭಾಷೆಯಲ್ಲಿ ಲೆಕ್ಕ ಇಟ್ಟರೆ ಅದು ಲೆಕ್ಕವೇ ಅಲ್ಲ. ಭಾರತದ ಪೌರತ್ವ ಇರುವವರು ಇಲ್ಲಿಂದಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಪೌರತ್ವ ಬದಲಿಸಿಕೊಂಡವರು ಊರಿನ ಗೆಳೆಯರ ಕೈಲಿ ಹಾಕಿಸಿ. ಒಬ್ಬೊಬ್ಬರು ಒಂದೊಂದು ಹಳ್ಳಿ ಹಿಡಿದರೂ ಸಾಕು.

ಪೃಥ್ವಿಯಂಥ ಜಿಲ್ಲಾಧಿಕಾರಿ ಬರಲಿ ಅಂತ ಕಾಯೋದು ಬೇಡ. ಅಂಥವರು ಬಂದರೂ ಬೆನ್ನಿಗೆ ಲೆಕ್ಕ ಕೇಳುವ ಜನ ಇರಬೇಕಲ್ಲ! ಏನಂತೀರಿ?