ಉಳ್ಳಾಗಡ್ಡಿ ಹೀರೋ ಅಲ್ಲ!

ಅಭಿಮಾನಿ ಗೆಳೆಯರೇ, 2021ರ ಅಕ್ಟೋಬರ್ 29ರಂದು ಅಪ್ಪು 46ಕ್ಕೇ ಹೃದಯಾಘಾತದಿಂದ ಹೋದಾಗ ಕಾಳಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತವ ನಾನು. ಹೋದ ವರ್ಷ ನಮ್ಮಪ್ಪ, "ದಿನಾ ರೊಟ್ಟಿ ಸಂಗಟ ಉಳ್ಳಾಗಡ್ಡಿ ತಿಂತೀನಿ, ಬಿ.ಪಿ. ಗುಳಿಗಿ ಯಾಕೋ?" ಅಂತ ಗುಳಿಗಿ ಬಿಟ್ಟ. ಒಂದಿನ ಹೊಲದಾಗ ಬಿದ್ದ. ಕಲಬುರಗಿಗೆ ಒಯ್ದೆವು, ಪುಣ್ಯಕ್ಕೆ ಉಳಿದ. ಒಂದು ಕೈ ಇನ್ನೂ ಏಳೋದಿಲ್ಲ.

ಅಪ್ಪನ ಮಾತು ಪೂರಾ ಸುಳ್ಳಲ್ಲ. ಉಳ್ಳಾಗಡ್ಡಿಯ ಕ್ವೆರ್ಸೆಟಿನ್ ರಕ್ತನಾಳ ಸಡಿಲಾಗಲು ಒಂದಿಷ್ಟು ನೆರವಾಗುತ್ತೆ. ಆದರೆ ಪ್ರಯೋಗಗಳಲ್ಲಿ ಬಿ.ಪಿ. ತುಸು ಇಳಿದದ್ದು ದಿನಕ್ಕೆ 500 ಮಿಲಿಗ್ರಾಂ, ಅದಕ್ಕೂ ಮೇಲೆ ಕೊಟ್ಟಾಗ. ಅಷ್ಟು ಬೇಕಾದರೆ ದಿನಾ ಕಿಲೋ ಮೇಲೆ ಉಳ್ಳಾಗಡ್ಡಿ ಕಡೀಬೇಕು! ಅದು ಸಹನಟ, ಹೀರೋ ಗುಳಿಗಿನೇ.

ಅಪ್ಪೂನ ಕಳ್ಕೊಂಡೆವು. ಅಪ್ಪನನ್ನಾದರೂ ಉಳಿಸ್ಕೊಳ್ಳೋಣ. ಇವತ್ತೇ ಮನೆಗೆ ಹೋಗಿ ಅವನ ಗುಳಿಗಿ ಡಬ್ಬಿ ನೋಡ್ರಿ.