ಮೂಗಿಗೆ ಸಿಕ್ಕ ಗಿಡ, ಕಣ್ಣಿಗೆ ಸಿಗದ ಗಿಡ

ಕೊಳೆತ ಮೀನಿನ ನಾತ ಹೊಡೆಯುವ ಗಿಡವೊಂದು ಯುರೋಪಿನಲ್ಲಿದೆ. ಚೀನೊಪೋಡಿಯಂ ವಲ್ವೇರಿಯಾ ಎಂದು ಅದರ ಶಾಸ್ತ್ರೀಯ ನಾಮ. ನೆಲಕ್ಕೊರಗಿ ಹಬ್ಬುತ್ತದೆ, ಎಲೆಗಳ ಮೇಲೆ ಬೂದಿ ಎರಚಿದಂತಿರುತ್ತದೆ, ಹೂವು ಇದ್ದೂ ಇಲ್ಲದಂತೆ. ಆದರೆ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಸಾಕು, ಟ್ರೈಮಿಥೈಲಮೀನ್ ಮೂಗಿಗೆ ಅಡರುತ್ತದೆ. ಮೀನು ಕೆಟ್ಟಾಗ ಹುಟ್ಟುವುದೂ ಇದೇ ವಸ್ತು. ಒಮ್ಮೆ ಮೂಸಿದವರು ಈ ಗಿಡವನ್ನು ಮತ್ತೆ ಬೇರೆ ಯಾವುದೆಂದೂ ತಪ್ಪು ತಿಳಿಯುವುದಿಲ್ಲ.

ಅದೇ ಕುಲದಲ್ಲಿ ಚೀನೊಪೋಡಿಯಂ ಆಲ್ಬಂ ಎಂಬ ಇನ್ನೊಂದು ಗಿಡವಿದೆ. ಉತ್ತರ ಭಾರತದವರ ಬಥುವಾ. ಹೊಲ, ತಿಪ್ಪೆ, ರಸ್ತೆಬದಿ, ರೈಲು ಹಳಿಯ ಪಕ್ಕ, ಎಲ್ಲಿ ನೆಲ ಕೆದಕಿದರೂ ಅಲ್ಲಿ ಹಾಜರು. ಲೋಕದ ಅತಿ ಸಾಮಾನ್ಯ ಕಳೆಗಳಲ್ಲಿ ಇದೂ ಒಂದು. ಹಾಗಿದ್ದೂ ಕೈಯಲ್ಲಿ ಹಿಡಿದ ಗಿಡ ನಿಜಕ್ಕೂ ಅದೇ ಹೌದೋ ಅಲ್ಲವೋ ಎಂದು ಆಣೆಯಿಟ್ಟು ಹೇಳಬಲ್ಲ ಸಸ್ಯಶಾಸ್ತ್ರಜ್ಞರು ಕಡಿಮೆ. ಸಸ್ಯಗಳ ಹಂಚಿಕೆಯ ನಕ್ಷೆ ಕಂಡಾಗಲೆಲ್ಲ ನನಗೆ ಈ ಎರಡು ಗಿಡಗಳು ನೆನಪಾಗುತ್ತವೆ. ಎರಡಕ್ಕೂ ನಕ್ಷೆಯಲ್ಲಿ ಒಂದೇ ಗಾತ್ರದ ಕಪ್ಪು ಚುಕ್ಕೆ. ಆ ಚುಕ್ಕೆಗಳ ತೂಕ ಮಾತ್ರ ಬೇರೆ ಬೇರೆ.

ಚುಕ್ಕೆ ಇಡುವ ಪದ್ಧತಿ ಸರಳವಾದದ್ದು. 1962ರಲ್ಲಿ ಪೆರಿಂಗ್ ಮತ್ತು ವಾಲ್ಟರ್ಸ್ ಬ್ರಿಟನ್ನಿನ ಸಸ್ಯನಕ್ಷೆಗಳ ಪುಸ್ತಕ ತಂದರು. ದೇಶವನ್ನು 10 ಕಿಲೋಮೀಟರ್ ಚೌಕಗಳಾಗಿ ಕೊಯ್ದು, ಯಾವ ಚೌಕದಲ್ಲಿ ಯಾವ ಗಿಡ ಕಂಡಿತೋ ಅಲ್ಲೊಂದು ಚುಕ್ಕೆ. ಊರೂರಿನ ಹವ್ಯಾಸಿಗಳು ಬರೆದು ಕಳಿಸಿದ ಮಾಹಿತಿಯನ್ನು ರಂಧ್ರ ಕೊರೆದ ಕಾರ್ಡುಗಳಿಗೆ ಏರಿಸಿ ಯಂತ್ರದಿಂದ ವಿಂಗಡಿಸಿದ್ದರು. ಇಡೀ ಯುರೋಪಿಗೆ ಇದೇ ಕೆಲಸವನ್ನು ಹೆಲ್ಸಿಂಕಿಯಿಂದ ಶುರು ಮಾಡಿದವರು 50 ಕಿಲೋಮೀಟರ್ ಚೌಕಗಳನ್ನು ಆರಿಸಿಕೊಂಡರು. 1972ರಿಂದ ಸಂಪುಟಗಳು ಬರತೊಡಗಿ, 1980ರ ಐದನೆಯ ಸಂಪುಟ ಚೀನೊಪೋಡಿಯೇಸೀ ಕುಟುಂಬದಿಂದ ಶುರುವಾಯಿತು. ಬೀಟ್‌ರೂಟು, ಪಾಲಕ್, ಕಿನೋವಾ ಇವೆಲ್ಲ ಹುಟ್ಟಿದ ಮನೆ ಅದು.

ನಕ್ಷೆಯ ಪ್ರತಿ ಚುಕ್ಕೆಯ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಯಾರೋ ಒಬ್ಬರು ಅಲ್ಲಿಗೆ ಹೋದರು, ಗಿಡ ನೋಡಿದರು, ಅದಕ್ಕೊಂದು ಹೆಸರು ಕೊಟ್ಟರು. ಸಸ್ಯಾಸಕ್ತರು ಹೆಚ್ಚಿದ್ದ ಊರಿನ ಸುತ್ತ ಚುಕ್ಕೆ ದಟ್ಟವಾಗಿರುತ್ತದೆ, ಯಾರೂ ಹೋಗದ ಕಡೆ ಖಾಲಿ. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ, ಲೆಕ್ಕ ಹಾಕಿ ಸರಿದೂಗಿಸುವ ಉಪಾಯಗಳೂ ಇವೆ. ನನ್ನ ತಕರಾರು ಮೂರನೆಯ ಹೆಜ್ಜೆಯ ಬಗ್ಗೆ, ಅಂದರೆ ಹೆಸರಿಡುವ ಹೆಜ್ಜೆಯ ಬಗ್ಗೆ. ಈ ಕುಟುಂಬದಲ್ಲಿ ಕಾಲು ಜಾರುವುದು ಅಲ್ಲೇ.

ಆಲ್ಬಂ ಎಂಬ ಹೆಸರನ್ನು ಲಿನೇಯಸ್ 1753ರಲ್ಲಿ ಕೊಟ್ಟ. ಗೊಬ್ಬರದ ನೆಲದಲ್ಲಿ ಅದು ಆಳೆತ್ತರ ಬೆಳೆಯುತ್ತದೆ, ಕಲ್ಲುನೆಲದಲ್ಲಿ ಗೇಣುದ್ದಕ್ಕೇ ಬೀಜ ಕಟ್ಟುತ್ತದೆ. ಎಲೆ ಒಮ್ಮೆ ಅಗಲ, ಒಮ್ಮೆ ಕಿರಿದು, ಅಂಚು ಒಮ್ಮೆ ಹಲ್ಲುಹಲ್ಲು, ಒಮ್ಮೆ ನುಣುಪು. ಒಂದೇ ಗಿಡದ ಬುಡದ ಎಲೆಗೂ ತುದಿಯ ಎಲೆಗೂ ಸಂಬಂಧವಿರುವುದಿಲ್ಲ. ಸ್ವಿಟ್ಜರ್‌ಲೆಂಡಿನ ಪಾಲ್ ಏಲೆನ್ ಈ ಕುಟುಂಬದ ಹಿಂದೆ ಬಿದ್ದು ದಶಕಗಟ್ಟಲೆ ದುಡಿದ. ಆತ ಕೊಟ್ಟ ಹೆಸರುಗಳನ್ನೆಲ್ಲ ಮುಂದಿನವರು ಉಳಿಸಿಕೊಳ್ಳಲಿಲ್ಲ. ಇಂಗ್ಲೆಂಡಿನಲ್ಲಿ ಅನುಮಾನದ ಮಾದರಿಗಳು ಬ್ರೆನನ್ ಮೇಜಿಗೆ ಹೋಗುತ್ತಿದ್ದವು. ಆತ ಮುಂದೆ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದವನು. ಇಂಥವರು ಮೊದಲು ನೋಡುವುದು ಬೀಜವನ್ನು, ಅದೂ ಸೂಕ್ಷ್ಮದರ್ಶಕದ ಕೆಳಗೆ. ಆಲ್ಬಂ ಬೀಜದ ಮೇಲೆ ನಡುವಿನಿಂದ ಅಂಚಿಗೆ ಹರಿದ ತೆಳು ಗೀರುಗಳು. ಅದರ ಹತ್ತಿರದ ಬಂಧು ಫೈಸಿಫೋಲಿಯಂ ಬೀಜದ ಮೇಲೆ ಜೇನುಹಟ್ಟಿಯ ಕೋಣೆಗಳಂಥ ಕುಳಿಗಳು. ಎಲೆಯಲ್ಲಿ ಬಗೆಹರಿಯದ ವ್ಯಾಜ್ಯ ಮಿಲಿಮೀಟರಷ್ಟರ ಕರಿ ಬೀಜದಲ್ಲಿ ಬಗೆಹರಿಯುತ್ತದೆ.

ಬೀಜವೂ ಸೋತಾಗ ವರ್ಣತಂತು ಎಣಿಸಬೇಕು. ಯುರೋಪಿನ ಆಲ್ಬಂನಲ್ಲಿ 54 ಇವೆ. ಫೈಸಿಫೋಲಿಯಂ ಮತ್ತು ಅದೇ ಕುಲದ ಸ್ವೇಸಿಕಂಗಳಲ್ಲಿ 18. ಆಂಡೀಸ್ ಬೆಟ್ಟಗಳ ಕಿನೋವಾದಲ್ಲಿ 36. ನಮ್ಮ ದೇಶದಲ್ಲಿ ಲಖನೌದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯವರು ಎಣಿಸಿ ನೋಡಿದರೆ ಆಲ್ಬಂ ಎಂದು ಕರೆಸಿಕೊಳ್ಳುವ ಗಿಡಗಳಲ್ಲಿ 18, 36, 54 ಮೂರೂ ಸಿಕ್ಕವು! 18ರ ಗಿಡವನ್ನು 54ರ ಗಿಡದೊಂದಿಗೆ ಒಂದೇ ಪ್ರಭೇದ ಎಂದು ಇಟ್ಟುಕೊಳ್ಳುವುದು ಕಷ್ಟ. ಹಾಗಾದರೆ ಭಾರತದ ನಕ್ಷೆಯಲ್ಲಿ ಆ ಹೆಸರಿನಡಿ ಬಿದ್ದ ಚುಕ್ಕೆಗಳು ಯಾವ ಗಿಡದವು? ಕೊಯ್ದು, ಒತ್ತಿ, ಒಣಗಿಸಿ, ಊರು ದಿನಾಂಕದ ಚೀಟಿ ಅಂಟಿಸಿದ ಹಾಳೆ ಇದ್ದರೆ ಇವತ್ತಲ್ಲ ನಾಳೆ ತೆರೆದು ನೋಡಬಹುದು. ಬರೀ ಪಟ್ಟಿಯಲ್ಲಿ ಹೆಸರು ಬರೆದಿದ್ದರೆ ಆ ಚುಕ್ಕೆಯನ್ನು ತಿದ್ದುವ ದಾರಿಯೇ ಇಲ್ಲ.

ಹೆಸರು ಸರಿಯಿದ್ದೂ ಚುಕ್ಕೆ ಬೇರೆ ಕಥೆ ಹೇಳುವುದುಂಟು. ಸ್ಕಾಟ್ಲೆಂಡಿನ ಗಾಲಾಶೀಲ್ಸ್ ಉಣ್ಣೆ ಗಿರಣಿಗಳ ಊರಾಗಿತ್ತು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕಗಳಿಂದ ಬಂದ ಉಣ್ಣೆಯನ್ನು ಅಲ್ಲಿ ತೊಳೆಯುತ್ತಿದ್ದರು. ಕುರಿಯ ಮೈಗೆ ಅಂಟಿದ್ದ ಬೀಜಗಳೆಲ್ಲ ತೊಳೆದ ನೀರಿನ ಜೊತೆ ಹೊಳೆ ಸೇರಿ ದಡದ ಉರುಟುಗಲ್ಲಿನ ನಡುವೆ ಮೊಳೆಯುತ್ತಿದ್ದವು. ಆ ಊರಿನ ಐಡಾ ಹೇವರ್ಡ್ ಹೊಳೆದಂಡೆಯಲ್ಲಿ ಅಡ್ಡಾಡಿ ಅವನ್ನೆಲ್ಲ ಹೆಕ್ಕಿದರು. ಆಕ್ಸ್‌ಫರ್ಡಿನ ಡ್ರೂಸ್ ಜೊತೆ ಸೇರಿ 1919ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹೀಗೆ ಬಂದ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ಆಸ್ಟ್ರೇಲಿಯಾದ ಕುಳ್ಳ ಚೀನೊಪೋಡಿಯಂಗಳು ಬ್ರಿಟನ್ನಿಗೆ ಕಾಲಿಟ್ಟಿದ್ದು ಉಣ್ಣೆಯ ಜೊತೆಗೇ. ಅವುಗಳ ಚುಕ್ಕೆಗಳನ್ನು ಜೋಡಿಸಿದರೆ ಹವೆಯ ನಕ್ಷೆಯಾಗಲಿ ಮಣ್ಣಿನ ನಕ್ಷೆಯಾಗಲಿ ಮೂಡುವುದಿಲ್ಲ, ವ್ಯಾಪಾರದ ನಕ್ಷೆ ಮೂಡುತ್ತದೆ.

ಆ ಕುಳ್ಳ ಗಿಡಗಳು ಈಗ ಚೀನೊಪೋಡಿಯಂಗಳೂ ಅಲ್ಲ. ವಾಸನೆಯ ಗ್ರಂಥಿಗಳಿರುವವನ್ನು ಮೊದಲೇ ಡಿಸ್ಫೇನಿಯಾ ಎಂಬ ಕುಲಕ್ಕೆ ಸಾಗಿಸಿದ್ದರು. 2012ರಲ್ಲಿ ಫುಯೆಂಟೆಸ್-ಬಜಾನ್, ಉಓಟಿಲಾ, ಬೋರ್ಷ್ ಮೂವರು ಡಿಎನ್ಎ ಆಧಾರದ ಮೇಲೆ ಉಳಿದ ಮನೆಯನ್ನೂ ಪಾಲು ಮಾಡಿದರು. ರೂಬ್ರಂ ಆಕ್ಸಿಬೇಸಿಸ್ ಆಯಿತು, ಮ್ಯೂರೇಲೆ ಚೀನೊಪೋಡಿಯಾಸ್ಟ್ರಂ ಆಯಿತು. ಯುರೋಪಿನ ಹಳ್ಳಿಗರು ಸೊಪ್ಪಿಗೆ ಬೆಳೆಸುತ್ತಿದ್ದ ಬೋನಸ್-ಹೆನ್ರಿಕಸ್ ಬ್ಲೈಟಂ ಕುಲಕ್ಕೆ ಹೋಗಿ, ಪಾಲಕ್‌ಗೆ ಹತ್ತಿರದ ನೆಂಟ ಎಂದು ಗೊತ್ತಾಯಿತು. ಅಡುಗೆಮನೆಯವರು ಇದನ್ನು ಕೇಳಿ ಅಚ್ಚರಿಪಡಲಾರರು. ಇಡೀ ಕುಟುಂಬವನ್ನೇ 1998ರಲ್ಲಿ ದಂಟು-ಹರಿವೆಗಳ ಅಮರಾಂತೇಸೀಗೆ ಸೇರಿಸಿದ್ದರು. ಬೇರೆಯಾಗಿಯೇ ಇರಲಿ ಎನ್ನುವವರು ಇನ್ನೂ ಇದ್ದಾರೆ. ಈ ವಿಂಗಡಣೆಯಿಂದ ನಕ್ಷೆಗೇನೂ ದೊಡ್ಡ ತೊಂದರೆಯಿಲ್ಲ, ಚುಕ್ಕೆ ಇದ್ದಲ್ಲೇ ಇರುತ್ತದೆ, ತಲೆಬರಹ ಬದಲಾಗುತ್ತದೆ. ಆಲ್ಬಂನಂಥ ಮುದ್ದೆಯನ್ನು ಬಿಡಿಸುವಾಗ ಹಾಗಲ್ಲ, ಪ್ರತಿ ಚುಕ್ಕೆಯನ್ನೂ ಕಿತ್ತು ಮತ್ತೆ ನೆಡಬೇಕು.

ಇಲ್ಲಿ ನಾರುವ ಗಿಡ ತನ್ನ ಬೆಲೆ ತೋರಿಸುತ್ತದೆ. ಬೆಲ್ಜಿಯಂನ ಕ್ವೆಂಟಿನ್ ಗ್ರೂಮ್ ವಲ್ವೇರಿಯಾದ ಚರಿತ್ರೆಯನ್ನು ಹಳೆಯ ಸಸ್ಯಗ್ರಂಥಗಳು ಮತ್ತು ಹರ್ಬೇರಿಯಂಗಳ ಒಣಗಿಡದ ಹಾಳೆಗಳಿಂದ ಜೋಡಿಸಿ 2015ರಲ್ಲಿ ಪ್ರಕಟಿಸಿದರು. ಬೇರೆ ಚೀನೊಪೋಡಿಯಂ ಬಗ್ಗೆ ಶತಮಾನಗಳ ಹಿಂದಿನ ಬರಹವನ್ನು ನಂಬಲು ಹಿಂದೆಮುಂದೆ ನೋಡಬೇಕಾಗುತ್ತದೆ. ಇದರ ವಿಷಯದಲ್ಲಿ ಅಂದಿನ ಮದ್ದಿನ ಗಿಡದವನ ಮೂಗೂ ಇಂದಿನ ಸಂಶೋಧಕನ ಮೂಗೂ ಒಂದೇ. ಗಿಡದ ಮೂಲನೆಲೆ ಮೆಡಿಟರೇನಿಯನ್ ಸುತ್ತಮುತ್ತ. ಅಲ್ಲಿಂದ ದೂರದ ಖಂಡಗಳಿಗೂ ಹೋಯಿತು, ಆದರೆ ಉತ್ತರ ಯುರೋಪಿನಲ್ಲಿ ಹಿಂದೆ ಸರಿಯುತ್ತ ಬಂತು. ಬ್ರಿಟನ್ನಿನಲ್ಲಿ ಇವತ್ತು ಅದು ತೀರಾ ಅಪರೂಪ, 1981ರ ವನ್ಯಜೀವಿ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿದೆ. ಗೋಡೆಬುಡ, ಗೊಬ್ಬರದ ಗುಂಡಿ, ದನಕುದುರೆ ಓಡಾಡುವ ಅಂಗಳಗಳಲ್ಲಿ ಬಾಳಿದ್ದ ಗಿಡಕ್ಕೆ ಅಂಗಳ ಚೊಕ್ಕಟವಾದದ್ದೇ ಮುಳುವಾಯಿತೇನೋ ಎಂದು ನನ್ನ ಊಹೆ.

ನಮ್ಮಲ್ಲಿ ಹೆಚ್ಚಾಗಿ ಚೌಕವಲ್ಲ, ಜಿಲ್ಲೆಯೇ ಅಳತೆಗೋಲು. 1976ರಲ್ಲಿ ಸಲ್ಡಾನಾ ಮತ್ತು ನಿಕೋಲ್ಸನ್ ತಂದ ಹಾಸನ ಜಿಲ್ಲೆಯ ಸಸ್ಯಗ್ರಂಥದ ಬಲ ಅದರ ಹಿಂದಿರುವ ಒಣಹಾಳೆಗಳಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಈಗ ಕರ್ನಾಟಕದ ಸಸ್ಯಗಳನ್ನು ಅಂತರ್ಜಾಲದಲ್ಲೂ ಜಿಲ್ಲಾವಾರು ತೋರಿಸುತ್ತದೆ. ಕಾಡಿನ ಗಿಡಗಳ ಮಟ್ಟಿಗೆ ಈ ಪರಂಪರೆ ಗಟ್ಟಿ. ಸಂತೆಯ ಸೊಪ್ಪಿನ ಮಟ್ಟಿಗೆ ಅಷ್ಟು ಹೇಳಲಾರೆ. ಬೆಂಗಳೂರು, ಕೋಲಾರದ ಕಡೆ ಮಸ್ಸೊಪ್ಪಿಗೆ ಬೀಳುವ ಚಕ್ಕೋತ ಸೊಪ್ಪನ್ನು ಕೆಲವರು ಚೀನೊಪೋಡಿಯಂ ಆಲ್ಬಂ ಎನ್ನುತ್ತಾರೆ, ಕೆಲವರು ಅದೇ ಕುಟುಂಬದ ಆಟ್ರಿಪ್ಲೆಕ್ಸ್ ಹಾರ್ಟೆನ್ಸಿಸ್ ಎನ್ನುತ್ತಾರೆ. ಎರಡೂ ಕಡೆ ನಿಜವಿರಬಹುದು, ಒಂದೇ ಹೆಸರಿನಲ್ಲಿ ಎರಡು ಗಿಡ ಮಾರಾಟವಾಗುವುದು ಸೊಪ್ಪಿನ ಲೋಕದಲ್ಲಿ ಹೊಸದಲ್ಲ. ಆಟ್ರಿಪ್ಲೆಕ್ಸ್ ಆದರೆ ಬೀಜವನ್ನು ಎರಡು ಪುಟ್ಟ ಎಲೆಗಳು ಅಪ್ಪಿ ಮುಚ್ಚಿರುತ್ತವೆ. ಚೀನೊಪೋಡಿಯಂ ಆದರೆ ಆ ಮುಚ್ಚಳವಿಲ್ಲ. ಆದರೆ ಕಟ್ಟಿನಲ್ಲಿ ಸಂತೆಗೆ ಬರುವ ಸೊಪ್ಪನ್ನು ಹೂ ಬಿಡುವ ಮೊದಲೇ ಕಿತ್ತಿರುತ್ತಾರೆ, ಹೂ ಬಂದರೆ ಕೊಳ್ಳುವವರಿಲ್ಲ. ಸಸ್ಯಶಾಸ್ತ್ರಕ್ಕೆ ಬೇಕಾದ ಗಿಡ ಸಂತೆಯಲ್ಲಿಲ್ಲ, ಮುಂದಿನ ಬಿತ್ತನೆಗೆಂದು ರೈತ ಮಡಿಯ ಮೂಲೆಯಲ್ಲಿ ಕೀಳದೆ ಬಿಟ್ಟ ನಾಲ್ಕು ಗಿಡಗಳಲ್ಲಿದೆ. ಅಲ್ಲಿಗೆ ಹೋಗಿ, ಕೇಳಿ, ಒಂದು ಗಿಡವನ್ನು ಬೀಜದ ಸಮೇತ ಕಿತ್ತು ತಂದು ಹಾಳೆಗೆ ಅಂಟಿಸಬೇಕು.