ಸುರಕ್ಷತೆಗೂ ಎಂ.ಬಿ. ಬರೆಯಿರಿ

ನಮ್ಮ ಬೇಡಿಕೆ ಒಂದೇ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಪ್ರತಿ ಕಟ್ಟಡ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಸುರಕ್ಷತೆಗೆಂದೇ ಬೇರೆ ಸಾಲುಗಳಿರಬೇಕು. ಅದು ಅಂಗನವಾಡಿ ಕೊಠಡಿಯಾದರೂ ಸರಿ, ಜಿಲ್ಲಾಸ್ಪತ್ರೆಯ ಹೊಸ ಬ್ಲಾಕಾದರೂ ಸರಿ. ಆ ಸಾಲುಗಳ ಮೊತ್ತವನ್ನು ಟೆಂಡರಿನಲ್ಲಿ ಯಾರೂ ಇಳಿಸುವಂತಿರಬಾರದು. ಎಂಜಿನಿಯರು ಸ್ಥಳದಲ್ಲಿ ಕಣ್ಣಾರೆ ಕಂಡು ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಬರೆದ ಮೇಲೆಯೇ ಅದಕ್ಕೆ ಬಿಲ್ ಆಗಬೇಕು; ಅದು ಬರೆದಿಲ್ಲದಿದ್ದರೆ ಅದಕ್ಕೆ ಹೊಂದಿಕೊಂಡ ಕಾಂಕ್ರೀಟಿಗೂ ಗಾರೆಗೂ ಬಿಲ್ ನಿಲ್ಲಬೇಕು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಕೈ ಮುಂದೆ ಚಾಚಿ ಬೋಧಿಸುವ ಪ್ರತಿಜ್ಞೆಯನ್ನಾಗಲಿ, ಕಾಂಪೌಂಡಿನ ಮೇಲಿನ ಇನ್ನೊಂದು ಗೋಡೆಬರಹವನ್ನಾಗಲಿ ನಾವು ಕೇಳುತ್ತಿಲ್ಲ. ಅವು ಈಗಾಗಲೇ ಬೇಕಾದಷ್ಟಿವೆ.

ಯಾವುದೇ ಸರ್ಕಾರಿ ಅಂದಾಜು ಪಟ್ಟಿಯನ್ನು ತೆರೆದು ನೋಡಿ. ಅಗೆದ ಮಣ್ಣು ಘನ ಮೀಟರಿನಲ್ಲಿ, ಕಬ್ಬಿಣ ಕಿಲೋ ಲೆಕ್ಕದಲ್ಲಿ, ಬಣ್ಣ ಚದರ ಮೀಟರಿನಲ್ಲಿ, ಕಿಟಕಿಯ ಚಿಲಕ ಎಣಿಕೆಯಲ್ಲಿ ಸಿಗುತ್ತದೆ. ಕಟ್ಟಡ ಮುಗಿದ ಮೇಲೆ ಉಳಿಯುವ ಪ್ರತಿಯೊಂದಕ್ಕೂ ಅಳತೆಯಿದೆ, ದರವಿದೆ. ಆದರೆ ಕೆಲಸಗಾರ ಸಾಯುವುದು ಬಹುಪಾಲು ಉಳಿಯದ ವಸ್ತುಗಳಿಂದ: ಸಾರುವೆ, ಸೆಂಟ್ರಿಂಗ್ ಕಂಬ, ಗುಂಡಿಯ ಪಕ್ಕಕ್ಕೆ ಕೊಟ್ಟ ಅಥವಾ ಕೊಡದ ಹಲಗೆ, ವೈಬ್ರೇಟರಿಗೆ ಎಳೆದುತಂದ ತೇಪೆ ಹಾಕಿದ ವೈರು. ಇವುಗಳಿಗೆ ಪಟ್ಟಿಯಲ್ಲಿ ಸ್ವಂತ ಸ್ಥಾನವಿಲ್ಲ. ಗಾರೆಯ ದರದ ವಿವರಣೆಯ ಕೊನೆಯಲ್ಲಿ ‘ಸಾಮಗ್ರಿ, ಕೂಲಿ, ಸಾರುವೆ, ಕ್ಯೂರಿಂಗ್ ಎಲ್ಲ ಸೇರಿ’ ಎಂಬ ಧಾಟಿಯ ಒಂದು ಮಾತು ಬರುತ್ತದೆ, ಅಲ್ಲಿಗೆ ಸಾರುವೆಯ ಕಥೆ ಮುಗಿಯಿತು. ಗೋಡೆಗೆ ಗಾರೆ ಬಿದ್ದಿದ್ದರೆ ಸಾರುವೆ ಇದ್ದಿರಲೇಬೇಕೆಂದು ಇಲಾಖೆ ಊಹಿಸಿಕೊಳ್ಳುತ್ತದೆ. ಅದಕ್ಕೆ ಕೈಕಂಬಿ ಇತ್ತೇ, ನಿಲ್ಲಲು ಇದ್ದದ್ದು ಒಂದೇ ಹಲಗೆಯೇ ಮೂರೇ, ಕೆಳಗಿನ ಗಳ ನೆಲದಲ್ಲಿ ನಿಂತಿತ್ತೇ ಇಟ್ಟಿಗೆಯ ಮೇಲೆ ನಿಂತಿತ್ತೇ ಎಂದು ಕೇಳುವ ಅಂಕಣವೇ ಇಲ್ಲ.

ಮೋಲ್ಡ್ ಹಾಕುವ, ಅಂದರೆ ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಸೆಂಟ್ರಿಂಗಿಗೆ ಪಟ್ಟಿಯಲ್ಲಿ ದರವೇನೋ ಇದೆ, ಆದರೆ ಅದನ್ನು ಅಳೆಯುವುದು ಕಾಂಕ್ರೀಟಿಗೆ ತಾಗುವ ಮೇಲ್ಮೈಯ ಚದರ ಮೀಟರಿನಲ್ಲಿ. ಆ ಹಾಳೆಗಳ ಕೆಳಗೆ ಕಬ್ಬಿಣದ ಜಾಕಿ ನಿಂತಿದೆಯೋ, ಗಂಟುಗಂಟಾದ ನೀಲಗಿರಿ ಗಳ ನಿಂತಿದೆಯೋ, ಎರಡು ತುಂಡು ಗಳಗಳನ್ನು ಮೊಳೆ ಹೊಡೆದು ಒಂದಾಗಿಸಿದ್ದಾರೋ, ಅವುಗಳ ನಡುವೆ ಅಡ್ಡಪಟ್ಟಿ ಬಿಗಿದಿದ್ದಾರೋ, ಈ ಯಾವ ಪ್ರಶ್ನೆಗೂ ಬಿಲ್ಲಿಗೂ ಸಂಬಂಧವಿಲ್ಲ. ಈ ಆಧಾರ ಕಂಬಗಳಿಗೆ ಭಾರತೀಯ ಮಾನಕವೇ ಇದೆ, ಐಎಸ್ 14687. ಕಂಬ ಯಾವಾಗ ತೆಗೆಯಬೇಕೆಂಬುದನ್ನು ಐಎಸ್ 456 ಹೇಳುತ್ತದೆ: ಸ್ಲ್ಯಾಬಿನ ಆಧಾರಗಳ ನಡುವಿನ ಅಂತರ 4.5 ಮೀಟರಿನೊಳಗಿದ್ದರೆ 7 ದಿನ, ಮೀರಿದರೆ 14 ದಿನ. 6 ಮೀಟರ್ ದಾಟಿದ ತೊಲೆಗೆ 21 ದಿನ. ಅದೂ ಸಾಧಾರಣ ಸಿಮೆಂಟಿಗೆ. ಪೋಝೊಲಾನಾ ಬೆರೆತ ಸಿಮೆಂಟ್ (ಪಿಪಿಸಿ) ಬಳಸಿದರೆ ಇನ್ನಷ್ಟು ಕಾಯಬೇಕು. ಆದರೆ ಸೆಂಟ್ರಿಂಗ್ ಹಾಳೆಗೂ ಜಾಕಿಗೂ ದಿನದ ಬಾಡಿಗೆ ಓಡುತ್ತಿರುತ್ತದೆ, ಮುಂದಿನ ಸೈಟಿನವರು ಕಾಯುತ್ತಿರುತ್ತಾರೆ. ಹತ್ತನೆಯ ದಿನ ಕಂಬ ಬಿಚ್ಚಿದ ಗುತ್ತಿಗೆದಾರನಿಗೆ ನಾಲ್ಕು ದಿನದ ಬಾಡಿಗೆ ಉಳಿತಾಯ, ಹದಿನಾಲ್ಕು ದಿನ ಕಾದವನಿಗೆ ನಷ್ಟ, ಇಬ್ಬರಿಗೂ ಸಿಗುವ ಬಿಲ್ ಮಾತ್ರ ಒಂದೇ. ಗುಂಡಿಯ ವಿಷಯವೂ ಹೀಗೆಯೇ. ಐಎಸ್ 3764ರ ಪ್ರಕಾರ ಒಂದೂವರೆ ಮೀಟರಿಗಿಂತ ಆಳವಾದ ಕಾಲುವೆಯ ಪಕ್ಕಗಳಿಗೆ ಹಲಗೆ ಹಚ್ಚಿ ಅಡ್ಡಗಂಬ ಕೊಡಬೇಕು. ಎಂ.ಬಿ.ಗೆ ಬೇಕಾದದ್ದು ಉದ್ದ, ಅಗಲ, ಆಳ ಅಷ್ಟೇ. ಮಣ್ಣು ಕುಸಿದು ಒಳಗಿದ್ದವನು ಹೂತುಹೋದರೂ ಆ ಮೂರು ಅಂಕಿಗಳು ಸರಿಯಾಗಿಯೇ ಇರುತ್ತವೆ.

2023ರ ಜನವರಿ 10ರಂದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ನಾಗವಾರದ ಬಳಿ, ಮೆಟ್ರೊ ಪಿಲ್ಲರಿಗೆಂದು ಕಟ್ಟಿದ್ದ ಕಬ್ಬಿಣದ ಹಂದರ ರಸ್ತೆಯ ಮೇಲೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಪುಟ್ಟ ಮಗನೂ ಸತ್ತರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅಂಥ ಹಂದರ ಕಾಂಕ್ರೀಟ್ ತುಂಬುವವರೆಗೆ ನಿಲ್ಲುವುದು ಬಿಗಿ ತಂತಿ ಮತ್ತು ಪಕ್ಕದ ಆಧಾರಗಳ ಬಲದಿಂದ. ಪಿಲ್ಲರ್ ಮುಗಿದ ದಿನ ಅವು ಅಲ್ಲಿರುವುದಿಲ್ಲ. ಮೆಟ್ರೊದಂಥ ದೊಡ್ಡ ಯೋಜನೆಯಲ್ಲಿ ಸುರಕ್ಷತಾ ಅಧಿಕಾರಿಗಳಿರುತ್ತಾರೆ, ದಪ್ಪ ಕೈಪಿಡಿಗಳಿರುತ್ತವೆ, ಸಲಹೆಗಾರ ಸಂಸ್ಥೆಗಳಿರುತ್ತವೆ. ಅಲ್ಲಿಯೇ ಹೀಗಾಗಬಹುದಾದರೆ ಇವು ಯಾವುದೂ ಇಲ್ಲದ ಸಣ್ಣ ಕಾಮಗಾರಿಗಳ ಗತಿಯೇನು? ಸರ್ಕಾರ ಕಟ್ಟಿಸುವುದರಲ್ಲಿ ಲೆಕ್ಕಕ್ಕೆ ಹೆಚ್ಚು ಸಿಗುವುದು ಅಂಥವೇ. 2022ರಲ್ಲಿ ಆರಂಭವಾದ ‘ವಿವೇಕ’ ಯೋಜನೆಯಡಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಏಳು ಸಾವಿರಕ್ಕೂ ಹೆಚ್ಚು ಕೊಠಡಿಗಳ ಗುರಿಯಿತ್ತು. ಇವು ಖಾಲಿ ಜಾಗದಲ್ಲಿ ನಡೆಯುವ ಕೆಲಸಗಳಲ್ಲ. ಈ ಪಕ್ಕದಲ್ಲಿ ಪಾಠ, ಆ ಪಕ್ಕದಲ್ಲಿ ಮಿಕ್ಸರ್. ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಬಳಿಯೇ ಕಬ್ಬಿಣದ ರಾಶಿ. ಆಸ್ಪತ್ರೆಯಲ್ಲಿ ಮೇಲಂತಸ್ತು ಏರುತ್ತಿರುವಾಗ ಕೆಳಗೆ ಹೊರರೋಗಿಗಳ ಸಾಲು ನಿಂತಿರುತ್ತದೆ.

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 44ನೇ ಕಲಮು, ಅಪಘಾತ ತಡೆಯಲು ನಿರಂತರವಾದ ಸಾಕಷ್ಟು ಮೇಲ್ವಿಚಾರಣೆ ಒದಗಿಸುವುದು ಮಾಲೀಕನ ಹೊಣೆ ಎಂದಿತ್ತು. ಆ ಕಾಯ್ದೆಯೀಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ಸುರಕ್ಷತಾ ಅಧಿಕಾರಿ ಕಡ್ಡಾಯವಾಗುತ್ತಿದ್ದದ್ದು 500 ಕೆಲಸಗಾರರಿದ್ದರೆ. ಹೊಸದು ಅದನ್ನು 250ಕ್ಕೆ ಇಳಿಸಿದೆ. ಇಳಿಸಿದ್ದು ಒಳ್ಳೆಯದೇ, ಆದರೆ ಶಾಲಾ ಕೊಠಡಿಯ ಕೆಲಸದಲ್ಲಿರುವುದು ಹತ್ತು ಹದಿನೈದು ಜನ. ಮೇಸ್ತ್ರಿಯ ಗುಂಪು ಬೇರೆ, ಸೆಂಟ್ರಿಂಗಿನವರು ಬೇರೆ, ಬಾರ್ ಬೆಂಡಿಂಗಿನವರು ಬೇರೆ ಎಂದು ಉಪಗುತ್ತಿಗೆಯಲ್ಲಿ ಹಂಚಿದರೆ ಕಾಗದದ ಮೇಲೆ ಅಷ್ಟೂ ಇರುವುದಿಲ್ಲ. ಇನ್ನು ‘ಗುತ್ತಿಗೆ ಕೊಟ್ಟಾಯಿತು, ಸೈಟಿನ ಸುರಕ್ಷತೆ ಅವರದು’ ಎಂಬ ಇಲಾಖೆಗಳ ವಾಡಿಕೆಯ ಮಾತಿಗೆ ಸುಪ್ರೀಂ ಕೋರ್ಟ್ 1982ರಲ್ಲೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಆ ಪ್ರಕರಣದಲ್ಲಿ, ಕೆಲಸ ಗುತ್ತಿಗೆದಾರರದ್ದೆಂದು ಹೇಳಿ ಸರ್ಕಾರ ಕಾರ್ಮಿಕ ಕಾನೂನುಗಳ ಹೊಣೆಯಿಂದ ಕೈತೊಳೆದುಕೊಳ್ಳುವಂತಿಲ್ಲ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿತು. ಹೊಣೆ ಯಾರದೆಂಬುದು ಇತ್ಯರ್ಥವಾಗಿ ನಾಲ್ಕು ದಶಕಗಳಾದವು. ಅದನ್ನು ದಿನನಿತ್ಯ ನಿಭಾಯಿಸುವ ದಾರಿಯನ್ನು ಮಾತ್ರ ಇಲಾಖೆಗಳು ಹುಡುಕಿಲ್ಲ.

ದಾರಿ ಇಲ್ಲದ್ದೇನಲ್ಲ, ಸೆಸ್ಸಿನ ವಿಷಯದಲ್ಲಿ ಅದೇ ಇಲಾಖೆಗಳು ಅದನ್ನು ಚೆನ್ನಾಗಿ ಬಲ್ಲವು. ಕಾಮಗಾರಿ ವೆಚ್ಚದ ಶೇಕಡಾ 1ರಷ್ಟನ್ನು ಕಾರ್ಮಿಕ ಕಲ್ಯಾಣ ಮಂಡಳಿಗೆಂದು ಸರ್ಕಾರಿ ಬಿಲ್ಲಿನಲ್ಲೇ ಮುರಿದುಕೊಳ್ಳಬೇಕು, 1998ರ ಸೆಸ್ ನಿಯಮ ಈ ಕ್ರಮವನ್ನು ತಂದಿತು. ಬಿಲ್ಲಿಗೆ ಕಟ್ಟಿಹಾಕಿದ್ದರಿಂದ ಅದು ನಡೆಯುತ್ತದೆ. ಆ ಹಣದಿಂದ ಮಕ್ಕಳ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು, ಪಿಂಚಣಿ ಬರುತ್ತವೆ, ಕೆಲಸಗಾರ ಸತ್ತರೆ ಮನೆಯವರಿಗೆ ಪರಿಹಾರವೂ ಬರುತ್ತದೆ. ಅಂದರೆ ಸತ್ತ ಮೇಲಿನ ಹಣಕ್ಕೆ ಬಿಲ್ಲಿನಲ್ಲಿ ಗಟ್ಟಿ ಜಾಗವಿದೆ, ಸಾಯದಂತೆ ನೋಡಿಕೊಳ್ಳುವ ಹಣ ಗುತ್ತಿಗೆದಾರನ ‘ಮೇಲುಖರ್ಚಿ’ನಲ್ಲಿ ಕರಗಿಹೋಗಿದೆ.

ಖರ್ಚು ಹೆಚ್ಚುತ್ತದೆ ಎಂಬುದು ಮೊದಲು ಬರುವ ಆಕ್ಷೇಪ. ಹಾಂಗ್‌ಕಾಂಗ್ ಸರ್ಕಾರ 1996ರಿಂದ ತನ್ನ ಕಾಮಗಾರಿಗಳಲ್ಲಿ ಇದೇ ಕ್ರಮ ತಂದಿತು. ಗುತ್ತಿಗೆ ಮೊತ್ತದ ಸುಮಾರು ಶೇಕಡಾ 2ರಷ್ಟನ್ನು ಟೆಂಡರ್ ಪೈಪೋಟಿಯಿಂದ ಹೊರಗಿಟ್ಟು, ಸುರಕ್ಷತಾ ಯೋಜನೆ, ತರಬೇತಿ, ವಾರದ ತಪಾಸಣೆ ಇವುಗಳಲ್ಲಿ ನಡೆದದ್ದಕ್ಕೆ ಹಣ, ನಡೆಯದ್ದಕ್ಕೆ ಇಲ್ಲ ಎಂದಿತು. ಆಮೇಲಿನ ವರ್ಷಗಳಲ್ಲಿ ಅಲ್ಲಿನ ನಿರ್ಮಾಣ ರಂಗದ ಅಪಘಾತ ಪ್ರಮಾಣ ಬಹಳ ಇಳಿಯಿತು. ಅದಕ್ಕೆ ಈ ಕ್ರಮವೊಂದೇ ಕಾರಣ ಎಂದರೆ ಅತಿಯಾದೀತು, ಕಾನೂನಿನ ಬಿಗಿಯೂ ಅದರಲ್ಲಿತ್ತು. ನಮ್ಮಲ್ಲಿ 15 ಲಕ್ಷದ ಕೊಠಡಿಗೆ ಶೇಕಡಾ 2 ಎಂದರೆ 30 ಸಾವಿರ ರೂಪಾಯಿ. ಗುದ್ದಲಿ ಪೂಜೆಯ ಶಾಮಿಯಾನ, ಹಾರ, ಊಟಕ್ಕೆ ಎಷ್ಟಾಗುತ್ತದೆಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈಗ ಕಡಿಮೆ ದರ ಹಾಕಿದವನಿಗೇ ಕೆಲಸ. ನೆಟ್ಟಗೆ ಸಾರುವೆ ಕಟ್ಟಿಸಿ, ಬಲೆ ಹಾಕಿಸಿ, ಹದಿನಾಲ್ಕು ದಿನ ಜಾಕಿ ನಿಲ್ಲಿಸುವ ಗುತ್ತಿಗೆದಾರ ಆ ಖರ್ಚನ್ನು ದರದಲ್ಲಿ ಸೇರಿಸಿದರೆ ಟೆಂಡರ್ ಸೋಲುತ್ತಾನೆ, ಸೇರಿಸದಿದ್ದರೆ ಕೈಯಿಂದ ಕಳೆದುಕೊಳ್ಳುತ್ತಾನೆ. ಪ್ರಾಮಾಣಿಕ ಗುತ್ತಿಗೆದಾರರು ನಮ್ಮಲ್ಲಿ ಕಡಿಮೆ ಎಂದು ಗೊಣಗುವ ಮುಂಚೆ, ಅವರನ್ನು ಮಾರುಕಟ್ಟೆಯಿಂದ ಹೊರದಬ್ಬುತ್ತಿರುವುದು ಯಾವ ನಿಯಮ ಎಂದು ನೋಡಬೇಕು.

ಎಂಜಿನಿಯರುಗಳೆಲ್ಲಿದ್ದಾರೆ ಎಂಬುದು ಎರಡನೆಯ ಆಕ್ಷೇಪ. ಒಬ್ಬ ಕಿರಿಯ ಎಂಜಿನಿಯರಿಗೆ, ಅಂದರೆ ಜೆಇಗೆ, ಹತ್ತಾರು ಕಾಮಗಾರಿ, ಅವು ಹೋಬಳಿಗೊಂದರಂತೆ ಚದುರಿರುತ್ತವೆ, ಮೇಲೆ ಚುನಾವಣಾ ಕೆಲಸ, ಸಭೆಗಳು. ನಿಜ. ಆದರೂ ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮುಂಚೆ ಸ್ಥಳಕ್ಕೆ ಬರುವುದು ಇಲಾಖೆಯ ರೂಢಿ, ಕಾಂಕ್ರೀಟಿನಡಿ ಮುಚ್ಚಿಹೋದ ಕಂಬಿಯನ್ನು ಮತ್ತೆ ಎಣಿಸಲಾಗುವುದಿಲ್ಲವಲ್ಲ. ಕಂಬಿ ಎಣಿಸಲು ಅದೇ ಸ್ಲ್ಯಾಬಿನ ಮೇಲೆ ಹತ್ತುವವರು, ಇಳಿಯುವಾಗ ಕೆಳಗಿನ ಕಂಬಗಳತ್ತ ನೋಡಿ ನಾಲ್ಕು ಸಾಲು ಬರೆಯುವುದಕ್ಕೆ ಇನ್ನೊಂದು ಪ್ರಯಾಣ ಬೇಕಿಲ್ಲ. ಅರ್ಧ ಗಂಟೆ ಬೇಕು, ಬರೆಯಲು ಒಂದು ಪುಟ ಬೇಕು, ‘ಇದು ಸರಿಯಿಲ್ಲ, ಇವತ್ತು ಮೋಲ್ಡ್ ಬೇಡ’ ಎಂದರೆ ಮೇಲಿನವರು ಬೆನ್ನಿಗೆ ನಿಲ್ಲುತ್ತಾರೆಂಬ ಧೈರ್ಯ ಬೇಕು. ಆ ಧೈರ್ಯ ಬರುವುದು ಎಂ.ಬಿ.ಯಲ್ಲಿ ಅದಕ್ಕೊಂದು ಕಲಮಿದ್ದಾಗಲೇ. ನಿಯಮವಿಲ್ಲದೆ ಕೆಲಸ ನಿಲ್ಲಿಸಿದ ಜೆಇ ಶಾಸಕರ ಫೋನಿಗೆ ಏನೆಂದು ಉತ್ತರಿಸಬೇಕು?

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು, ನಾಡಿನ ಅನುಭವದಿಂದ ಬಂದದ್ದು: ಇದೂ ಒಂದು ಸುಳ್ಳು ಬಿಲ್ಲಿನ ಬಾಬತ್ತಾಗುತ್ತದೆ, ತರದ ಬಲೆಗೆ ಹಣ, ಕಟ್ಟದ ಕೈಕಂಬಿಗೆ ಎಂ.ಬಿ. ಹಾಗಾಗುವ ಕಡೆ ಆಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಈಗಿನ ಕ್ರಮದಲ್ಲಿ ಆ ಹಣ ಹೇಗೂ ದರದೊಳಗೇ ಇದೆ, ಕೆಲಸವಾಗದಿದ್ದರೂ ಪಾವತಿಯಾಗುತ್ತಿದೆ, ಸುಳ್ಳು ಹೇಳಬೇಕಾದ ಕಷ್ಟವೂ ಯಾರಿಗೂ ಇಲ್ಲ. ಬೇರೆ ಸಾಲಾದ ದಿನ ಸುಳ್ಳಿನ ಕೆಳಗೆ ಒಂದು ಸಹಿ, ಒಂದು ದಿನಾಂಕ ಬೀಳುತ್ತದೆ. ಅಪಘಾತವಾದರೆ ಪೊಲೀಸರಿಗೂ ಲೋಕಾಯುಕ್ತಕ್ಕೂ ಹಿಡಿಯಲು ಒಂದು ಕಾಗದ ಸಿಗುತ್ತದೆ. ಜೊತೆಗೆ ಸುರಕ್ಷತೆಯ ಸಾಮಗ್ರಿ ಕಾಂಕ್ರೀಟಿನೊಳಗಿನ ಕಂಬಿಯಂತೆ ಅಡಗಿರುವುದಲ್ಲ, ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತದೆ. ಅದಕ್ಕಾಗಿಯೇ ನಮ್ಮ ಬೇಡಿಕೆಯ ಇನ್ನೊಂದು ಭಾಗ: ಶಾಲೆಯಾದರೆ ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರು, ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿ, ಆ ಪುಟಕ್ಕೆ ಸಹಿ ಹಾಕಬೇಕು, ಸಹಿ ಹಾಕಲಾರೆ ಎನ್ನುವ ಹಕ್ಕೂ ಅವರಿಗಿರಬೇಕು. ಮಕ್ಕಳು ಓಡಾಡುವ ದಾರಿಗೆ ತಗಡಿನ ಮರೆ ಇದೆಯೇ ಎಂದು ಹೇಳಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಕೆಲಸಗಾರರೇ ಹೆಲ್ಮೆಟ್ ಹಾಕುವುದಿಲ್ಲ ಎಂಬ ದೂರನ್ನು ಕೇಳಿ ಕೇಳಿ ಸಾಕಾಗಿದೆ. ಹೆಲ್ಮೆಟ್ ಕೊನೆಯ ರಕ್ಷಣೆ, ಮೊದಲನೆಯದಲ್ಲ. ಬಲೆ, ಕೈಕಂಬಿ, ಗುಂಡಿಯ ಹಲಗೆ, ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ ಬ್ರೇಕರ್ ಇವು ಯಾರ ತಲೆಯ ಮೇಲೂ ಕೂರಬೇಕಾಗಿಲ್ಲ, ಯಾರ ಎಚ್ಚರವನ್ನೂ ಕಾಯುವುದಿಲ್ಲ. ಚದರಡಿ ಲೆಕ್ಕದಲ್ಲಿ ಕೂಲಿ ಪಡೆಯುವ ರಾಯಚೂರಿನ ಅಥವಾ ಬಿಹಾರದ ಹುಡುಗ ಬೇಗ ಮುಗಿಸಲು ಅಡ್ಡದಾರಿ ಹಿಡಿದರೆ, ಆ ಲೆಕ್ಕ ಮಾಡಿದವರು ಬೇರೆಯವರು. 2012ರ ಲಂಡನ್ ಒಲಿಂಪಿಕ್ಸ್ ನಿರ್ಮಾಣದಲ್ಲಿ ಒಬ್ಬ ಕೆಲಸಗಾರನೂ ಸಾಯಲಿಲ್ಲ. ಕಟ್ಟಿಸಿದ್ದು ಸಾರ್ವಜನಿಕ ಪ್ರಾಧಿಕಾರವೇ, ಕಟ್ಟಿದ್ದು ಗುತ್ತಿಗೆದಾರರೇ, ಮನುಷ್ಯರು ಎಲ್ಲೆಡೆ ಇರುವಂಥವರೇ. ಕಟ್ಟಿಸುವ ಪ್ರಾಧಿಕಾರ ಏನನ್ನು ಕೇಳಿತು, ಯಾವುದಕ್ಕೆ ಹಣ ಕೊಟ್ಟಿತು ಎಂಬುದರಲ್ಲಿ ವ್ಯತ್ಯಾಸವಿತ್ತು.

ಸರ್ಕಾರ ದರಪಟ್ಟಿ ಬದಲಿಸುವವರೆಗೆ ಕಾಯಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 2ನೇ ಕಲಮು ಕಡತ ನೋಡುವ ಹಕ್ಕಿನ ಜೊತೆಗೆ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದಗಳೊಳಗಿರಬೇಕು. ನಿಮ್ಮೂರಿನ ಶಾಲೆ, ಆಸ್ಪತ್ರೆ, ನಾಡಕಚೇರಿಯ ಕಾಮಗಾರಿಯ ಹೆಸರು ಬರೆದು ಅಂದಾಜು ಪಟ್ಟಿ, ಈವರೆಗಿನ ಎಂ.ಬಿ. ಪುಟಗಳು, ಸೆಸ್ ಮುರಿದ ವಿವರ ಕೇಳಿ. ಸಾರುವೆ, ಸೆಂಟ್ರಿಂಗ್ ಕಂಬ, ಗುಂಡಿಯ ಆಸರೆಯನ್ನು ಯಾವ ದಿನ ಯಾರು ಪರಿಶೀಲಿಸಿದರು ಎಂಬ ದಾಖಲೆಯ ಪ್ರತಿಯನ್ನೂ ಕೇಳಿ. ಉತ್ತರ ಕೊಡಲು ಇಲಾಖೆಗೆ ಮೂವತ್ತು ದಿನ ಅವಕಾಶವಿದೆ, ಅಷ್ಟರಲ್ಲಿ ತಳಪಾಯ ಮೇಲೆದ್ದು ಮೋಲ್ಡ್ ಹತ್ತಿರ ಬಂದಿರುತ್ತದೆ. ಹಾಗಾಗಿ ಅರ್ಜಿಯನ್ನು ಗುದ್ದಲಿ ಪೂಜೆಯಾದ ವಾರವೇ ಹಾಕಿ, ಒಂದು ಪ್ರತಿಯನ್ನು ಎಸ್‌ಡಿಎಂಸಿಗೆ ಅಥವಾ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.